ಕೋಲ್ಮಾರ್‌ನ ಬಲಿಪೀಠದ ಮುಂದೆ

ಫ್ರಾನ್ಸಿನ ಅಲ್ಸಾಸ್ ಪ್ರಾಂತ್ಯದಲ್ಲಿರುವ ಕೋಲ್ಮಾರ್‌ಗೆ ಹೋಗುವವರಲ್ಲಿ ಹೆಚ್ಚಿನವರು ಅಲ್ಲಿನ ಬಣ್ಣಬಣ್ಣದ ಹಳೆಯ ಮನೆಗಳನ್ನೂ ಕಾಲುವೆಯನ್ನೂ ನೋಡಿಕೊಂಡು ಬರುತ್ತಾರೆ. ನನಗೆ ಆ ಬೀದಿಗಳು ಅತಿಯಾಗಿ ಸಿಂಗರಿಸಿಕೊಂಡಂತೆ ಕಂಡವು. ಅಕ್ಕ ಮತ್ತು ನಾನು ಹೋದದ್ದು ಉಂಟರ್‌ಲಿಂಡನ್ ವಸ್ತುಸಂಗ್ರಹಾಲಯದಲ್ಲಿರುವ, ಹಲವು ಚಿತ್ರಫಲಕಗಳನ್ನು ಜೋಡಿಸಿದ ಇಸೆನ್‌ಹೈಮ್ ಬಲಿಪೀಠವನ್ನು ನೋಡಲು. ಮಂಗಳವಾರ ಅದಕ್ಕೆ ರಜೆ. ನಮ್ಮ ಏಜೆಂಟ್ ಮಂಗಳವಾರಕ್ಕೇ ಟಿಕೆಟ್ ಮಾಡಿಸಿದ್ದರಿಂದ ಮುಚ್ಚಿದ ಬಾಗಿಲನ್ನು ನೋಡಿ ಸ್ಟ್ರಾಸ್‌ಬರ್ಗ್‌ಗೆ ಹಿಂತಿರುಗಿ, ಮರುದಿನ ಮತ್ತೆ ರೈಲು ಹತ್ತಬೇಕಾಯಿತು. ಅರ್ಧ ಗಂಟೆಯ ದಾರಿಯೇ ಆದರೂ ಆ ಸಿಟ್ಟು ಇನ್ನೂ ಇಳಿದಿಲ್ಲ. ಹೋಗುವವರು ವಾರ ನೋಡಿಕೊಂಡು ಹೋಗಿ.

ಗಂಡನಿಂದ ಹೊಡೆತ ತಿಂದ ವರ್ಷಗಳಲ್ಲಿ ನನಗೆ ಸಿಕ್ಕ ಉಪದೇಶವೆಲ್ಲ ಒಂದೇ ಬಗೆಯದು: ನಿನ್ನ ಶಿಲುಬೆಯನ್ನು ನೀನೇ ಹೊರಬೇಕು, ಕ್ಷಮಿಸಬೇಕು. ಆ ಮನೆಯನ್ನು ಬಿಟ್ಟು ಬಂದ ಮೇಲೂ ಚರ್ಚಿನಲ್ಲಿ ಕುಳಿತರೆ ಪ್ರಾರ್ಥನೆ ಬಾಯಿಗೆ ಬರುತ್ತಿರಲಿಲ್ಲ.

ಜರ್ಮನ್ ಚಿತ್ರಕಾರ ಮಥಿಯಾಸ್ ಗ್ರೂನೆವಾಲ್ಡ್ 1512ರಿಂದ 1516ರ ನಡುವೆ ಬಲಿಪೀಠದ ಈ ಚಿತ್ರಗಳನ್ನು ಬರೆದದ್ದು, ಈಜಿಪ್ಟಿನ ಮರುಭೂಮಿಯಲ್ಲಿ ತಪಸ್ಸು ಮಾಡಿದ ಸಂತ ಅಂತೋಣಿಯ ಹೆಸರಿನ ಮಠವೊಂದಕ್ಕೆ. ಶಿಲೀಂಧ್ರ ತಗಲಿದ ರೈ ಧಾನ್ಯದ ರೊಟ್ಟಿ ತಿಂದು ಕೈಕಾಲು ಉರಿದು ಕೊಳೆಯುತ್ತಿದ್ದ ರೋಗಿಗಳನ್ನು ಅಲ್ಲಿ ಆರೈಕೆ ಮಾಡುತ್ತಿದ್ದರು. ಆದ್ದರಿಂದಲೇ ಇರಬೇಕು, ಇಲ್ಲಿನ ಶಿಲುಬೆಯ ಮೇಲಿನ ಕ್ರಿಸ್ತನು ಸುಂದರನಲ್ಲ: ಮೈತುಂಬ ಹುಣ್ಣು, ಚರ್ಮದಲ್ಲಿ ಮುರಿದು ಉಳಿದ ಮುಳ್ಳುಗಳು, ನೋವಿಗೆ ಸೆಟೆದು ಹರಡಿಕೊಂಡ ಬೆರಳುಗಳು. ಮೈಮೇಲಿನ ಗುರುತುಗಳನ್ನು ಉದ್ದ ತೋಳಿನ ರವಿಕೆಯಲ್ಲಿ ಮುಚ್ಚಿಕೊಂಡು ಪೂಜೆಗೆ ಹೋಗುತ್ತಿದ್ದ ನನಗೆ, ಏನನ್ನೂ ಮುಚ್ಚಿಡದ ಆ ದೇಹದ ಮುಂದೆ ನಿಂತಾಗ ಅಳು ಬಂತು.

ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಇನ್ನೊಂದು ಫಲಕ. ಅದರಲ್ಲಿ ದೆವ್ವಗಳು ಮುದುಕ ಅಂತೋಣಿಯನ್ನು ಕೆಡವಿ, ಕೂದಲು ಹಿಡಿದೆಳೆದು ಬಡಿಯುತ್ತಿವೆ. ಬಲಗಡೆ ಕೆಳಮೂಲೆಯಲ್ಲಿ ಒಂದು ಕಾಗದದ ಚೂರನ್ನು ಚಿತ್ರಿಸಿ, ಅದರ ಮೇಲೆ ಲ್ಯಾಟಿನ್ ಭಾಷೆಯಲ್ಲಿ ಅವನ ಪ್ರಶ್ನೆಯನ್ನು ಬರೆದಿದ್ದಾರೆ: ಒಳ್ಳೆಯ ಯೇಸುವೇ, ಎಲ್ಲಿದ್ದೆ ನೀನು? ನನ್ನ ಗಾಯಗಳನ್ನು ವಾಸಿಮಾಡಲು ಏಕೆ ಬರಲಿಲ್ಲ?

ಅಕ್ಕ ಕೇಳಿದಳು, "ಅದಕ್ಕೆ ದೇವರು ಏನೆಂದನಂತೆ?"

ನಾಲ್ಕನೆಯ ಶತಮಾನದ ಬಿಷಪ್ ಅಥನೇಸಿಯಸ್ ಬರೆದ ಅಂತೋಣಿಯ ಚರಿತ್ರೆಯಲ್ಲಿ ಉತ್ತರವಿದೆ. ನಾನು ಇಲ್ಲೇ ಇದ್ದೆ, ನಿನ್ನ ಹೋರಾಟವನ್ನು ನೋಡಲೆಂದು ಕಾದಿದ್ದೆ ಎಂದು ದೇವರು ಹೇಳುತ್ತಾನೆ. ಹೊಡೆತ ತಿಂದವರಿಗೆ ಆ ಮಾತು ರುಚಿಸುವುದಿಲ್ಲ. ಕಾಗದದ ಮೇಲೆ ಪ್ರಶ್ನೆಯನ್ನಷ್ಟೇ ಉಳಿಸಿದ್ದು ಎಷ್ಟೋ ಪ್ರಾಮಾಣಿಕ ಎಂದೆ.

"ಉತ್ತರ ಕೊಡದ ದೇವರಿಂದ ನಿನಗೇನು ಸಮಾಧಾನವೇ?"

"ಉತ್ತರ ಬೇಕು, ಅಕ್ಕ. ಆದರೆ ಕೇಳುವುದೇ ಪಾಪ ಎಂದುಕೊಂಡಿದ್ದೆನಲ್ಲ. ಇವರು ಅದನ್ನು ಬಲಿಪೀಠದಲ್ಲೇ, ರೋಗಿಗಳ ಎದುರಿನಲ್ಲೇ ಬರೆದಿಟ್ಟಿದ್ದಾರೆ. ಯಾಕೆ ಕೈಬಿಟ್ಟೆ ಎಂದು ಶಿಲುಬೆಯ ಮೇಲಿಂದ ಅವನೂ ಕೇಳಿದವನೇ. ಅಂಥವನ ಹತ್ತಿರ ಕೇಳಲು ನನಗೆ ಹೆದರಿಕೆಯಿಲ್ಲ."

ಪುನರುತ್ಥಾನದ ಫಲಕದಲ್ಲಿ ಹುಣ್ಣುಗಳೆಲ್ಲ ಮಾಯವಾಗಿವೆ, ಆದರೆ ಮೊಳೆಯ ಗಾಯಗಳು ಹಾಗೇ ಇವೆ. ಎಲ್ಲವನ್ನೂ ಮರೆತುಬಿಡು ಎನ್ನುವವರನ್ನು ಇಲ್ಲಿಗೆ ಕರೆತರಬೇಕು.

ಹಿಂತಿರುಗುವ ರೈಲಿನಲ್ಲಿ, ಯಾಕೆ ಕೈಬಿಟ್ಟೆ ಎಂಬ ಅದೇ ಪ್ರಶ್ನೆಯಿಂದ ಶುರುವಾಗುವ ಬೈಬಲಿನ 22ನೆಯ ಕೀರ್ತನೆಯನ್ನು ಅಕ್ಕನಿಗೆ ಕೇಳಿಸುವಂತೆ ಪೂರ್ತಿ ಓದಿದೆ. ಮುಗಿದ ಮೇಲೆ ಅವಳು, "ಕ್ಷಮಿಸಬೇಕು ಅಂತ ಇದರಲ್ಲಿ ಎಲ್ಲೂ ಬರಲೇ ಇಲ್ಲವಲ್ಲೇ" ಎಂದಳು. ಇಲ್ಲ ಎಂದೆ.