24ಕ್ಕೆ ಇಟ್ಟು ಸುಮ್ಮನಾದೆ

ನಮ್ಮ 2008ರ ಸ್ವಿಫ್ಟ್ ವಿಎಕ್ಸ್‌ಐ ಕಾರಿಗೆ ಕೊನೆಗೂ ಆಟೋಮ್ಯಾಟಿಕ್ ಎಸಿ ಬಂತು. ಶಿವಾಜಿನಗರದ ಗುಜರಿಯಲ್ಲಿ ಹಳೆ ಝಡ್‌ಎಕ್ಸ್‌ಐನ (ಆಟೋಮ್ಯಾಟಿಕ್ ಎಸಿ ಇದ್ದ ಮೇಲಿನ ಮಾಡೆಲ್) ಎಸಿ ಪ್ಯಾನೆಲ್ ಸಿಕ್ಕಾಗ ಅರ್ಧ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಇಲ್ಲ. ಪ್ಯಾನೆಲ್ ಬರೀ ಮುಖ ಅಷ್ಟೇ.

ನಮ್ಮ ಹಳೆ ಎಸಿಯಲ್ಲಿ ನಾಬ್ ತಿರುಗಿಸಿದರೆ ಒಂದು ಕೇಬಲ್ ಒಳಗಿನ ಪುಟ್ಟ ಬಾಗಿಲನ್ನು ಸರಿಸುತ್ತದೆ. ತಣ್ಣನೆ ಗಾಳಿಗೆ ಬಿಸಿ ಗಾಳಿ ಎಷ್ಟು ಬೆರೆಯಬೇಕು ಅನ್ನೋದು ಆ ಬಾಗಿಲಿನ ಕೈಲಿ. ಈಗ ಕೇಬಲ್ ಜಾಗಕ್ಕೆ ಮೋಟರ್ ಬಂದಿದೆ. ಬ್ಲೋವರ್, ಅಂದರೆ ಗಾಳಿ ಬೀಸುವ ಫ್ಯಾನ್, ಅದರ ವೇಗ ನೋಡಿಕೊಳ್ಳುತ್ತಿದ್ದ ರೆಸಿಸ್ಟರ್ ಹೋಗಿ ಟ್ರಾನ್ಸಿಸ್ಟರ್ ಬಂದಿದೆ. ಹೊರಗಿನ ಶಾಖಕ್ಕೆ ಒಂದು ಸೆನ್ಸರ್, ಬಿಸಿಲಿಗೆ ಡ್ಯಾಶ್‌ಬೋರ್ಡ್ ಮೇಲೆ ಇನ್ನೊಂದು. ನನಗೆ ತುಂಬಾ ಇಷ್ಟವಾಗಿದ್ದು ಒಳಗಿನ ಸೆನ್ಸರ್. ಅದಕ್ಕೊಂದು ಸಣ್ಣ ಪೈಪ್ ಇದೆ, ಕಾರಿನೊಳಗಿನ ಗಾಳಿಯನ್ನು ಸೆನ್ಸರ್ ಮೇಲೆ ಎಳೆಯುತ್ತಲೇ ಇರುತ್ತದೆ. ಆ ಪೈಪ್ ಜೋಡಿಸದಿದ್ದರೆ ಡ್ಯಾಶ್‌ಬೋರ್ಡಿನ ಬಿಸಿಯನ್ನೇ ನಮ್ಮ ಸೆಕೆ ಅಂದುಕೊಳ್ಳುತ್ತದೆ! ವೈರಿಂಗ್‌ಗೇ ಎರಡು ಭಾನುವಾರ ಹಿಡಿಯಿತು.

ಮೊನ್ನೆ ಹಾಸನಕ್ಕೆ ಹೊರಟಾಗ 24 ಡಿಗ್ರಿಗೆ ಇಟ್ಟೆ. ಕುಣಿಗಲ್ ಹತ್ತಿರ ಬಿಸಿಲು ಜೋರಾಯ್ತು, ಫ್ಯಾನ್ ತಾನೇ ಏರಿತು. ಮೋಡ ಕವಿದಾಗ ತಾನೇ ಇಳಿಯಿತು. ಪಕ್ಕದಲ್ಲಿ ಕೂತ ಅಮ್ಮನ ಕೈ ಮಾತ್ರ ಎರಡು ಸಲ ನಾಬ್ ಹುಡುಕಿತು. ಅಪ್ಪನಿಗೆ ಸೆಕೆ, ನನಗೆ ಚಳಿ. ಇಷ್ಟು ವರ್ಷ ಇಬ್ಬರಿಗೂ ಹೊಂದೋ ಹಾಗೆ ಅದನ್ನು ತಿರುಗಿಸುತ್ತಾ ಬಂದಿದ್ದು ಅವಳೇ ಅಲ್ವಾ? ಈ ಕೆಲಸ ಶುರು ಮಾಡುವಾಗ ಅದು ನನಗೆ ಹೊಳೆದಿರಲೇ ಇಲ್ಲ.

ಹಳೆ ನಾಬುಗಳನ್ನು ಎಸೆದಿಲ್ಲ. ಒರೆಸಿ, ಮನೆಯ ಡ್ರಾಯರ್‌ನಲ್ಲಿ ಇಟ್ಟಿದ್ದೇನೆ.