ಹೊಳೆದಂಡೆಯ ಮನೆಗಳನ್ನು ತೆರವುಗೊಳಿಸುವ ಮುನ್ನ

ಕೊಡಗಿನ ಸಿದ್ದಾಪುರದ ಬಳಿಯ ಕರಡಿಗೋಡಿನಲ್ಲಿ ಕಾವೇರಿ ದಂಡೆಯ ನಿವಾಸಿಗಳಿಗೆ ಮಳೆಗಾಲ ಸಮೀಪಿಸಿದೊಡನೆ ಜಾಗ ಖಾಲಿ ಮಾಡುವಂತೆ ನೋಟಿಸ್ ಬರುತ್ತದೆ. 2019ರ ಆಗಸ್ಟ್‌ನಲ್ಲಿ ಇಲ್ಲಿಯೂ ನೆಲ್ಯಹುದಿಕೇರಿಯಲ್ಲಿಯೂ ಮನೆಗಳು ಹೊಳೆಯ ಪಾಲಾದದ್ದನ್ನು ಕಂಡ ಯಾರೂ ಆ ಜಾಗ ವಾಸಕ್ಕೆ ಯೋಗ್ಯವೆನ್ನಲಾರರು. ಆದರೆ ಆ ಜನ ಅಲ್ಲಿಗೇ ಏಕೆ ಬಂದರೆಂಬುದನ್ನು ವಿಚಾರಿಸದೆ ನಡೆಸುವ ತೆರವು ನನಗೆ ಅನ್ಯಾಯವಾಗಿಯೇ ಕಾಣುತ್ತದೆ.

ಅವರಲ್ಲಿ ಬಹುಮಂದಿ ಕಾಫಿ ತೋಟದ ಕೂಲಿಯನ್ನೇ ನಂಬಿದವರು. ಕಾರ್ಮಿಕರಿಗೂ ಅವರ ಕುಟುಂಬಕ್ಕೂ ಮಾಲೀಕರೇ ವಸತಿ ಒದಗಿಸಬೇಕೆಂದು 1951ರ ತೋಟ ಕಾರ್ಮಿಕರ ಕಾಯಿದೆ ದೊಡ್ಡ ತೋಟಗಳಿಗೆ ವಿಧಿಸಿತ್ತು. ಹಾಗೆ ಬಂದ ಲೈನ್ ಮನೆಗಳಲ್ಲಿ ಎಷ್ಟೋ ಇಂದು ಶಿಥಿಲವಾಗಿವೆ: ಒಂದು ಕೋಣೆ, ಅದಕ್ಕಂಟಿದ ಅಡುಗೆ ಜಾಗ, ಒಡೆದ ಹೆಂಚಿನಡಿ ಕಟ್ಟಿದ ಟಾರ್ಪಾಲು, ಆಷಾಢದಲ್ಲಿ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸುವ ಮಕ್ಕಳ ಬಟ್ಟೆ. ಅದಕ್ಕಿಂತ ದೊಡ್ಡ ಸಂಕಟವೆಂದರೆ ಕೆಲಸ ಮುಗಿದ ದಿನ ಮನೆಯೂ ಮುಗಿಯುತ್ತದೆ; ಜೀವಮಾನವಿಡೀ ಕಾಫಿ ಕೊಯ್ದು ಕಳೆ ತೆಗೆದವರು ಸೊಂಟ ಬಿದ್ದ ಮೇಲೆ ಪೈಸಾರಿ ಎನ್ನುವ ಸರ್ಕಾರಿ ಜಾಗವನ್ನೋ ಹೊಳೆದಂಡೆಯನ್ನೋ ಹುಡುಕಿಕೊಂಡು ಹೊರಡಬೇಕಾಗುತ್ತದೆ.

ಮಡಿಕೇರಿಯ ಕಥೆಯೂ ಬೇರೆಯಲ್ಲ. ಪೇಟೆಯಲ್ಲಿ ಬಾಡಿಗೆ ಕೊಡಲಾಗದವರು ಇಳಿಜಾರಿನಲ್ಲಿ ಮನೆ ಕಟ್ಟಿಕೊಂಡರು, 2018ರ ಆಗಸ್ಟ್‌ನಲ್ಲಿ ಇಂದಿರಾನಗರ, ಚಾಮುಂಡೇಶ್ವರಿನಗರಗಳಲ್ಲಿ ಗುಡ್ಡದ ಬರೆ ಕುಸಿಯಿತು.

ಸಿದ್ದಾಪುರದ ಕಡೆಯ ದಿಡ್ಡಳ್ಳಿಯನ್ನಂತೂ ಮರೆಯಲಾಗದು. ಲೈನ್ ಮನೆಗಳ ಬದುಕಿನಿಂದ ಬಿಡಿಸಿಕೊಂಡು ಬಂದ ಆದಿವಾಸಿ ಕುಟುಂಬಗಳು ಅಲ್ಲಿ ಹಾಕಿಕೊಂಡಿದ್ದ ಗುಡಿಸಲುಗಳನ್ನು 2016ರ ಡಿಸೆಂಬರ್‌ನಲ್ಲಿ ಅರಣ್ಯ ಜಾಗವೆಂದು ನೆಲಸಮ ಮಾಡಲಾಯಿತು. ದೀರ್ಘ ಹೋರಾಟದ ಬಳಿಕ ಕುಶಾಲನಗರದ ಕಡೆಯ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ಪುನರ್ವಸತಿ ದೊರೆಯಿತು. ಆದರೆ ಅವರಿಗೆ ಗೊತ್ತಿದ್ದ ಕೆಲಸ ಸಿದ್ದಾಪುರ, ಮಾಲ್ದಾರೆ ಸುತ್ತಲಿನ ತೋಟಗಳಲ್ಲೇ ಉಳಿಯಿತು.

ಮುಂಬಯಿಯ ಫುಟ್‌ಪಾತ್ ನಿವಾಸಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1985ರಲ್ಲೇ ಇದನ್ನು ಗುರುತಿಸಿತ್ತು. ತೆರವನ್ನು ಅದು ನಿಷೇಧಿಸಲಿಲ್ಲವಾದರೂ, ಬಡವರು ಕೆಲಸದ ಹತ್ತಿರವೇ ನೆಲೆಸುತ್ತಾರೆಂದೂ ಜೀವನೋಪಾಯದ ಹಕ್ಕು ಜೀವಿಸುವ ಹಕ್ಕಿನಲ್ಲೇ ಅಡಗಿದೆಯೆಂದೂ ಸ್ಪಷ್ಟವಾಗಿ ಹೇಳಿತು.

ಆದ್ದರಿಂದ ಬದಲಿ ನಿವೇಶನ ಗುರುತಿಸುವಾಗ ಎತ್ತರದ ಜಾಗವೊಂದನ್ನೇ ನೋಡಿದರೆ ಸಾಲದು; ಬೆಳಿಗ್ಗೆ ತೋಟಕ್ಕೆ ಆಳುಗಳನ್ನು ಕರೆದೊಯ್ಯುವ ಪಿಕಪ್ ಅಲ್ಲಿಗೆ ಬರುತ್ತದೆಯೇ, ಮಕ್ಕಳು ನಡೆದು ಹೋಗುವಷ್ಟು ದೂರದಲ್ಲಿ ಶಾಲೆಯಿದೆಯೇ ಎಂಬುದನ್ನೂ ನೋಡಬೇಕು. ಹಕ್ಕುಪತ್ರ ಕೈಗೆ ಬಂದು, ಗೋಡೆ ಎದ್ದು, ನಲ್ಲಿಯಲ್ಲಿ ನೀರು ಬಂದ ಮೇಲೆಯೇ ಹಳೆಯ ಮನೆಯ ಬಾಗಿಲಿಗೆ ನೋಟಿಸ್ ಅಂಟಿಸಲಿ.