ನಾಲ್ಕು ಕ್ಯಾಬಿನ್, ಹನ್ನೊಂದು ಜನ

ಮನೆಮಂದಿಯೆಲ್ಲ ಸೇರಿ ಕ್ರೂಸ್‌ಗೆ ಹೊರಟರೆ ಎಲ್ಲರೂ ಮೊದಲು ಕೇಳುವುದು ಬಾಲ್ಕನಿ ಇದೆಯಾ ಅಂತ. ನಾನು ಮೊದಲು ಕೇಳಿದ್ದೇ ಬೇರೆ. ರಾತ್ರಿ ಎರಡು ಗಂಟೆಗೆ ಅಪ್ಪ ಎದ್ದರೆ ಪಕ್ಕದಲ್ಲಿ ಯಾರಿರುತ್ತಾರೆ?

ಅಪ್ಪನ ಭೀಮರಥ ಶಾಂತಿ ಆದಮೇಲೆ ಸಿಂಗಾಪುರದಿಂದ ಹಡಗು ಹತ್ತುವುದು ಅಂತ ಮನೆಯಲ್ಲಿ ತೀರ್ಮಾನವಾಯಿತು. ಅಪ್ಪ, ಅಮ್ಮ, ಸೋದರತ್ತೆ, ನನ್ನ ಅತ್ತೆ, ಅಣ್ಣ, ಅತ್ತಿಗೆ, ಅವರ ಇಬ್ಬರು ಮಕ್ಕಳು, ನಾನು, ನಮ್ಮೆಜಮಾನರು, ನಮ್ಮ ಮಗ. ಹನುಮಂತನಗರದ ಮನೆಯಲ್ಲಿ ಇಷ್ಟು ಜನ ಒಂದೇ ಹಾಲ್‌ನಲ್ಲಿ ಚಾಪೆ ಹಾಸಿ ಮಲಗಿದ್ದೇವೆ. ಹಡಗಿನಲ್ಲಿ ಆಗಲ್ಲ. ಒಂದು ಕ್ಯಾಬಿನ್‌ಗೆ ಎಷ್ಟು ಜನ ಅಂತ ಮೊದಲೇ ನಿಗದಿಯಾಗಿರುತ್ತದೆ, ಒಬ್ಬರನ್ನೂ ಜಾಸ್ತಿ ಸೇರಿಸುವಂತಿಲ್ಲ.

ಹಡಗಿನ ಡೆಕ್ ಪ್ಲಾನ್, ಅಂದರೆ ಒಂದೊಂದು ಮಹಡಿಯ ನಕ್ಷೆ, ಹಡಗಿನ ಕಂಪನಿಯ ವೆಬ್‌ಸೈಟ್‌ನಲ್ಲೇ ಸಿಗುತ್ತದೆ. ಅದನ್ನು ಗಾಂಧಿ ಬಜಾರಿನ ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡ ಹಾಳೆಗೆ ಪ್ರಿಂಟ್ ಹಾಕಿಸಿ, ಭಾನುವಾರ ಊಟ ಆದಮೇಲೆ ನೆಲದ ಮೇಲೆ ಹರಡಿಕೊಂಡು ಕೂತೆವು. ಮೊಬೈಲ್‌ನಲ್ಲಿ ನೋಡಿದರೆ ದೊಡ್ಡವರಿಗೆ ಏನೂ ಕಾಣುವುದಿಲ್ಲ. ಹಾಳೆ ಇದ್ದರೆ ಬೆರಳಿಟ್ಟು ಮಾತಾಡಬಹುದು. ಲಿಫ್ಟ್ ಎಲ್ಲಿದೆ, ಊಟದ ಹಾಲ್ ಎಲ್ಲಿದೆ, ನಮ್ಮ ತಲೆಯ ಮೇಲೆ ಏನಿದೆ ಎಲ್ಲವೂ ಅದರಲ್ಲಿ ಗೊತ್ತಾಗುತ್ತದೆ. ತಲೆಯ ಮೇಲೆ ಏನಿದೆ ಅನ್ನುವುದು ಸಣ್ಣ ವಿಷಯ ಅಲ್ಲ. ಈಜುಕೊಳದ ಡೆಕ್ ಇದ್ದರೆ ಬೆಳಗ್ಗೆ ಬೆಳಗ್ಗೆಯೇ ಕುರ್ಚಿ ಎಳೆಯುವ ಸದ್ದು. ಕೆಳಗೆ ಥಿಯೇಟರ್ ಇದ್ದರೆ ರಾತ್ರಿ ಡ್ರಮ್ಸ್. ಮೇಲೂ ಕೆಳಗೂ ಕ್ಯಾಬಿನ್‌ಗಳೇ ಇರುವ ಜಾಗ ಹುಡುಕಿ. ವಾಂತಿ, ತಲೆಸುತ್ತು ಬರುವವರಿದ್ದರೆ ಹಡಗಿನ ನಡುಭಾಗ, ಆದಷ್ಟು ಕೆಳಗಿನ ಡೆಕ್ ಒಳ್ಳೆಯದು. ಅಲ್ಲಿ ಓಲಾಟ ಕಡಿಮೆ.

ಆಮೇಲೆ ಹಂಚಿಕೆ. ಎಲ್ಲರೂ ಗಂಡ ಹೆಂಡತಿ ಒಂದು ಕಡೆ, ಮಕ್ಕಳು ಅಪ್ಪ ಅಮ್ಮನ ಜೊತೆ ಅಂತ ಲೆಕ್ಕ ಹಾಕುತ್ತಾರೆ. ನನಗೆ ಅದು ಸರಿ ಅನಿಸಲಿಲ್ಲ. ರಾತ್ರಿ ಯಾರಿಗೆ ಯಾರು ಬೇಕಾಗುತ್ತಾರೆ ಅಂತ ನೋಡಿ ಹಂಚಬೇಕು. ಅಪ್ಪ ರಾತ್ರಿ ಏಳುತ್ತಾರೆ. ಅಮ್ಮ ಕಿವಿಯ ಮಶೀನ್ ತೆಗೆದಿಟ್ಟು ಮಲಗಿದರೆ ಬಾಗಿಲು ಬಡಿದರೂ ಏಳುವುದಿಲ್ಲ. ಹಾಗಾಗಿ ಅವರ ಪಕ್ಕಕ್ಕೆ ಅಣ್ಣನ ಕ್ಯಾಬಿನ್ ಬರಲೇಬೇಕಿತ್ತು, ಅದೂ ಒಳಗಿನಿಂದ ಬಾಗಿಲು ಇರುವ ಕನೆಕ್ಟಿಂಗ್ ಕ್ಯಾಬಿನ್. ಅಕ್ಕಪಕ್ಕದ ಕ್ಯಾಬಿನ್‌ಗೆಲ್ಲ ಈ ಒಳಬಾಗಿಲು ಇರುವುದಿಲ್ಲ. ಪ್ಲಾನ್‌ನಲ್ಲಿ ಅದಕ್ಕೊಂದು ಗುರುತು ಹಾಕಿರುತ್ತಾರೆ, ಅದನ್ನು ನೋಡಿಯೇ ನಂಬರ್ ಹೇಳಿ ಬುಕ್ ಮಾಡಿ. ಇಂಥವು ಕಡಿಮೆ ಇರುತ್ತವೆ, ಬೇಗ ಹೋಗಿಬಿಡುತ್ತವೆ.

ಸೋದರತ್ತೆ, ನನ್ನ ಅತ್ತೆ, ಈ ಇಬ್ಬರು ಅಜ್ಜಿಯರ ಜೊತೆಗೆ ಅಣ್ಣನ ಮಗಳನ್ನು ಹಾಕಿದೆವು. ಹದಿನಾರು ವರ್ಷದ ಹುಡುಗಿ. ಮೂರನೆಯ ಹಾಸಿಗೆ ಹಲವು ಕ್ಯಾಬಿನ್‌ಗಳಲ್ಲಿ ಗೋಡೆಯಿಂದಲೋ ಚಾವಣಿಯಿಂದಲೋ ಇಳಿಯುವ ಮಂಚ, ಏಣಿ ಹತ್ತಬೇಕು. ಅದು ಅವಳಿಗೇ ಸರಿ. ಕಾರ್ಡ್ ತೋರಿಸಿ ಬಾಗಿಲು ತೆಗೆಯುವುದು, ಶವರಿನಲ್ಲಿ ಬಿಸಿನೀರು ಹದ ಮಾಡುವುದು, ಎಲ್ಲಾ ಅವಳೇ ನೋಡಿಕೊಂಡಳು. ಮೂವರೂ ರಾತ್ರಿ ಹನ್ನೆರಡರವರೆಗೆ ಮಾತಾಡುತ್ತಿದ್ದರು. ಸೋದರತ್ತೆಗೆ ಒಬ್ಬರೇ ಇರುವ ಆಸೆ ಇತ್ತು. ಆದರೆ ದರ ಕಟ್ಟುವುದೇ ಕ್ಯಾಬಿನ್‌ಗೆ ಇಬ್ಬರು ಅನ್ನುವ ಲೆಕ್ಕದಲ್ಲಿ. ಒಬ್ಬರೇ ಇದ್ದರೆ ಸಾಮಾನ್ಯವಾಗಿ ಎರಡನೆಯವರ ದುಡ್ಡನ್ನೂ ಬಹುಪಾಲು ಕೊಡಬೇಕು. ಮೂರನೆಯವರು, ನಾಲ್ಕನೆಯವರಿಗೆ ಮಾತ್ರ ಕಡಿಮೆ. ಮಕ್ಕಳನ್ನೇ ಒಂದು ಕ್ಯಾಬಿನ್‌ಗೆ ಹಾಕೋಣ ಅಂದರೆ, ಪ್ರತಿ ಕ್ಯಾಬಿನ್‌ನಲ್ಲೂ ಒಬ್ಬ ವಯಸ್ಕರು ಇರಬೇಕು ಅನ್ನುವ ನಿಯಮ ಸಾಮಾನ್ಯವಾಗಿ ಇರುತ್ತದೆ. ಕಂಪನಿಗೆ, ಹಡಗು ಹೊರಡುವ ಊರಿಗೆ ತಕ್ಕಂತೆ ಆ ವಯಸ್ಸು 18 ಅಥವಾ 21.

ಬುಕಿಂಗ್ ಮಾಡುವಾಗ ನಮ್ಮ ಟ್ರಾವೆಲ್ ಏಜೆಂಟ್ ಇನ್ನೂ ಅಗ್ಗದ್ದು ಒಂದಿದೆ ಅಂದರು. ಗ್ಯಾರಂಟಿ ಕ್ಯಾಬಿನ್ ಅದು. ದುಡ್ಡು ಈಗ, ನಂಬರ್ ಆಮೇಲೆ, ಎಲ್ಲಿ ಖಾಲಿಯೋ ಅಲ್ಲಿ. ಇಬ್ಬರೇ ಹೋಗುವವರಿಗೆ ಒಳ್ಳೆಯದು. ದೊಡ್ಡವರನ್ನು ಕರೆದುಕೊಂಡು ಹೋಗುವವರು ಅದರ ತಂಟೆಗೆ ಹೋಗಬಾರದು. ನಾಲ್ಕು ಕ್ಯಾಬಿನ್ ನಾಲ್ಕು ಡೆಕ್‌ಗೆ ಹೋದರೆ ಉಳಿಸಿದ ದುಡ್ಡಿನಿಂದ ಏನು ಪ್ರಯೋಜನ?

ಇನ್ನೊಂದು ವಿಷಯ ತುಂಬ ಜನಕ್ಕೆ ಗೊತ್ತಿರುವುದಿಲ್ಲ. ನೀವು ಒಟ್ಟಿಗೇ ದುಡ್ಡು ಕಟ್ಟಿದರೂ ಹಡಗಿನವರ ಕಂಪ್ಯೂಟರ್‌ನಲ್ಲಿ ಸಾಮಾನ್ಯವಾಗಿ ಪ್ರತಿ ಕ್ಯಾಬಿನ್‌ಗೂ ಬೇರೆ ಬುಕಿಂಗ್ ನಂಬರ್. ಇವರೆಲ್ಲ ಒಂದೇ ಮನೆಯವರು ಅಂತ ಅದಕ್ಕೆ ತಾನಾಗಿ ತಿಳಿಯುವುದಿಲ್ಲ. ಎಲ್ಲ ನಂಬರುಗಳನ್ನೂ ಲಿಂಕ್ ಮಾಡಿಸಿ, ರಾತ್ರಿ ಊಟಕ್ಕೆ ಒಂದೇ ಸಮಯ, ಅಕ್ಕಪಕ್ಕದ ಮೇಜು ಬೇಕು ಅಂತ ಬಾಯಿಬಿಟ್ಟು ಕೇಳಿ. ಸಸ್ಯಾಹಾರವನ್ನೂ ಪ್ರತಿ ಬುಕಿಂಗ್‌ನಲ್ಲಿ ಬೇರೆ ಬೇರೆಯಾಗಿ ಬರೆಸಿ. ಬಂದರಿಗೆ ಬರುವ ಸಮಯವನ್ನೂ ಆನ್‌ಲೈನ್ ಚೆಕ್ ಇನ್‌ನಲ್ಲಿ ಒಂದೊಂದು ಕ್ಯಾಬಿನ್‌ಗೂ ಆರಿಸಬೇಕಾಗಬಹುದು. ನಾನು ಒಂದೇ ಸಲ ಕೂತು ನಾಲ್ಕಕ್ಕೂ ಒಂದೇ ಸಮಯ ಹಾಕಿದೆ.

ಹತ್ತಿದ ಮೇಲೆ ಮಲಗುವ ಜಾಗ ಅದಲು ಬದಲು ಮಾಡಿಕೊಂಡರೆ ಏನಾಯಿತು ಅನ್ನುವವರಿದ್ದಾರೆ. ಸುಮ್ಮನೆ ಹಾಗೆ ಮಾಡಬಾರದು, ಹಡಗಿನ ಕೌಂಟರಿನಲ್ಲಿ ಹೆಸರೂ ಬದಲಿಸಬೇಕು. ಅಪಾಯ ಬಂದಾಗ ಯಾರು ಎಲ್ಲಿ ಸೇರಬೇಕು ಅನ್ನುವ ಮಸ್ಟರ್ ಸ್ಟೇಷನ್ ಗೊತ್ತಾಗುವುದು ಹೆಸರಿರುವ ಕ್ಯಾಬಿನ್ ಮೇಲೆ. 2012ರ ಜನವರಿಯಲ್ಲಿ ಇಟಲಿಯ ಕೋಸ್ಟಾ ಕಾಂಕಾರ್ಡಿಯಾ ಹಡಗು ಬಂಡೆಗೆ ಬಡಿದು ವಾಲಿಕೊಂಡಿತು, 32 ಜನ ಸತ್ತರು. ಆ ದಿನ ಹತ್ತಿದವರಿಗೆ ಇನ್ನೂ ಡ್ರಿಲ್, ಅಂದರೆ ಅಪಾಯ ಬಂದಾಗ ಏನು ಮಾಡಬೇಕು ಅನ್ನುವ ತಾಲೀಮು, ಆಗಿರಲಿಲ್ಲ. ಅದಾದ ಮೇಲೆ ಡ್ರಿಲ್ ಹಡಗು ಹೊರಡುವ ಮೊದಲು ಅಥವಾ ಹೊರಟ ತಕ್ಷಣ ಆಗಲೇಬೇಕು ಅಂತ ನಿಯಮ ಬಂತು. ನಮ್ಮ ನಾಲ್ಕೂ ಕ್ಯಾಬಿನ್‌ಗೆ ಒಂದೇ ಸ್ಟೇಷನ್ ಇದೆಯಾ ಅಂತ ನಾನು ಕಾರ್ಡ್ ಹಿಡಿದು ಒಬ್ಬೊಬ್ಬರದೂ ನೋಡಿದೆ. ಅಪ್ಪ ಅಮ್ಮನ ಜೊತೆ ಅಣ್ಣ ಅಲ್ಲಿಯವರೆಗೂ ಒಂದು ಸಲ ನಡೆದುಕೊಂಡು ಹೋಗಿ ಬಂದ.

ಉದ್ದನೆಯ ಕಾರಿಡಾರ್, ಎಲ್ಲಾ ಬಾಗಿಲೂ ಒಂದೇ ಥರ. ಎಷ್ಟೋ ಹಡಗುಗಳಲ್ಲಿ ಕಾರ್ಡ್ ಮೇಲೆ ಕ್ಯಾಬಿನ್ ನಂಬರ್ ಹಾಕುವುದೂ ಇಲ್ಲ, ಕಳೆದುಹೋದರೆ ಸಿಕ್ಕವರಿಗೆ ಯಾವ ಕ್ಯಾಬಿನ್ ಅಂತ ಗೊತ್ತಾಗಬಾರದಲ್ವಾ. ಅಮ್ಮ ಫ್ರಿಜ್ ಮೇಲಿನ ಗಣೇಶನ ಮ್ಯಾಗ್ನೆಟ್ ಕಿತ್ತು ತಂದಿದ್ದರು. ಬಾಗಿಲು ಲೋಹದ್ದು, ಗಟ್ಟಿಯಾಗಿ ಹಿಡಿದುಕೊಂಡಿತು. ಲಿಫ್ಟ್‌ನಿಂದ ಇಳಿದು ಬಲಕ್ಕೆ ತಿರುಗಿದರೆ ದೂರದಿಂದಲೇ ಕೆಂಪಗೆ ಕಾಣುತ್ತಿತ್ತು. ಅಪ್ಪ ಯಾರನ್ನೂ ಕೇಳದೆ ಓಡಾಡಿದರು. ಅವರು ಹಾಗೆ ಒಬ್ಬರೇ ಡೆಕ್‌ಗೆ ಹೋಗಿ ಸಮುದ್ರ ನೋಡಿಕೊಂಡು ಬರುತ್ತಿದ್ದರಲ್ಲ, ಇಡೀ ಪ್ರವಾಸದಲ್ಲಿ ನನಗೆ ಅದರಷ್ಟು ಖುಷಿ ಕೊಟ್ಟಿದ್ದು ಬೇರೆ ಇಲ್ಲ.

ಫೋನ್ ಏರೋಪ್ಲೇನ್ ಮೋಡ್‌ನಲ್ಲೇ ಇರಲಿ, ನಡು ಸಮುದ್ರದಲ್ಲಿ ಸ್ಯಾಟಲೈಟ್ ರೋಮಿಂಗ್ ಬಿಲ್ ಭಯಂಕರ. ಕ್ಯಾಬಿನ್‌ನಿಂದ ಕ್ಯಾಬಿನ್‌ಗೆ ಒಳಗಿನ ಫೋನ್ ಇದೆ, ನಾಲ್ಕು ನಂಬರ್ ದಪ್ಪಗೆ ಬರೆದು ಅದರ ಪಕ್ಕ ಇಟ್ಟರೆ ಸಾಕು. ಖರ್ಚಿನ ಲೆಕ್ಕವೂ ಕ್ಯಾಬಿನ್‌ವಾರು ಬರುತ್ತದೆ. ಯಾವ ಕ್ಯಾಬಿನ್‌ದು ಯಾರ ಕ್ರೆಡಿಟ್ ಕಾರ್ಡ್‌ಗೆ ಅಂತ ಮೊದಲ ದಿನವೇ ಹೇಳಿಬಿಡಿ. ಮಕ್ಕಳ ಕ್ಯಾಬಿನ್ ಕಾರ್ಡ್‌ನಲ್ಲಿ ಖರೀದಿ ನಿಲ್ಲಿಸಲೂಬಹುದು.

ಕೊನೆಯ ರಾತ್ರಿ ದೊಡ್ಡ ಬ್ಯಾಗುಗಳನ್ನು ಟ್ಯಾಗ್ ಕಟ್ಟಿ ಬಾಗಿಲ ಹೊರಗೆ ಇಡಿ ಅನ್ನುತ್ತಾರೆ, ಇಳಿಯುವ ಸರದಿಯೂ ಆ ಟ್ಯಾಗ್ ಪ್ರಕಾರವೇ. ಕ್ಯಾಬಿನ್‌ಗೊಂದು ಬಣ್ಣ ಬಂದರೆ ಕೌಂಟರಿಗೆ ಹೋಗಿ ಎಲ್ಲರಿಗೂ ಒಂದೇ ಬಣ್ಣ ಕೇಳಿ, ಸಾಮಾನ್ಯವಾಗಿ ಕೊಡುತ್ತಾರೆ. ಆ ಬ್ಯಾಗುಗಳು ಮತ್ತೆ ಸಿಗುವುದು ಬಂದರಿನಲ್ಲೇ. ದೊಡ್ಡವರ ಮಾತ್ರೆ, ಪಾಸ್‌ಪೋರ್ಟ್, ಬೆಳಗ್ಗೆ ಉಡುವ ಸೀರೆ, ಪಂಚೆ ಕೈಚೀಲದಲ್ಲೇ ಇರಲಿ.